ಕರಿಪರದೆಯ ಹಳೆಯ ಸಾಧನಗಳು: ಕ್ಯಾಸಲ್‌ನಾಕ್‌ನಿಂದ ಒಂದು ಸಮೀಕ್ಷೆ

ಡಬ್ಲಿನ್ ನಗರದ ಪಶ್ಚಿಮಕ್ಕೆ, ಫೀನಿಕ್ಸ್ ಪಾರ್ಕಿನ ಗೇಟು ದಾಟಿದ ಕೂಡಲೇ ಸಿಗುವ ಊರು ಕ್ಯಾಸಲ್‌ನಾಕ್. ಒಂದು ಕಡೆ ರಾಯಲ್ ಕಾಲುವೆ, ಕಾಲುವೆಯ ಪಕ್ಕಕ್ಕೇ ಮೇನೂತ್ ಕಡೆಗೆ ಹೋಗುವ ರೈಲು ಹಳಿ, ಅಲ್ಲೇ ಎಂ-50 ಹೆದ್ದಾರಿ. ಇಲ್ಲಿಂದ ಸ್ವಲ್ಪ ವಾಯವ್ಯಕ್ಕೆ ಹೋದರೆ ಮಲ್ಹಡರ್ಟ್‌ನ ಐಬಿಎಂ ಕ್ಯಾಂಪಸ್, ಅದರಾಚೆ ಅಮೆಜಾನಿನ ಡೇಟಾ ಸೆಂಟರುಗಳು, ಮೀತ್ ಕೌಂಟಿಯ ಗಡಿ ದಾಟಿದರೆ ಕ್ಲೋನಿಯಲ್ಲಿ ಮೆಟಾದ್ದು. 2015ರಲ್ಲಿ ಐರ್ಲೆಂಡಿನ ಮೀಟರಿನ ವಿದ್ಯುತ್ತಿನಲ್ಲಿ ಶೇ. 5ರಷ್ಟನ್ನು ಬಳಸುತ್ತಿದ್ದ ಡೇಟಾ ಸೆಂಟರುಗಳು 2023ರಲ್ಲಿ ಶೇ. 21ರಷ್ಟನ್ನು ಬಳಸಿದವು, ದೇಶದ ನಗರಪ್ರದೇಶದ ಮನೆಗಳೆಲ್ಲ ಸೇರಿ ಬಳಸಿದ್ದಕ್ಕಿಂತ ಅದು ಹೆಚ್ಚು. ಈ ಯಂತ್ರಗಳನ್ನು ನಂಬಿ ಬಂದವರಲ್ಲಿ ನಮ್ಮವರೂ ಇದ್ದಾರೆ. 2022ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿದ್ದ ಭಾರತೀಯ ಪೌರರು 45,449 ಮಂದಿ. ಈ ಭಾಗದ ಅಂಚೆ ವಲಯವಾದ ಡಬ್ಲಿನ್ 15ರ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಈಗ ಯಾರೂ ತಿರುಗಿ ನೋಡುವುದಿಲ್ಲ.

ಸರ್ವರುಗಳನ್ನು ನೋಡಿಕೊಳ್ಳುವ ಇವರ ಕೆಲಸದ ಮೇಲ್ಮೈ ಬಹಳ ಬದಲಾಗಿದೆ. ಬಣ್ಣಬಣ್ಣದ ಡ್ಯಾಶ್‌ಬೋರ್ಡುಗಳು ಬಂದಿವೆ, ಒಂದೇ ಕಡತ ಬರೆದು ಸಾವಿರ ಯಂತ್ರಗಳನ್ನು ಹೊಂದಿಸುವ ಅನ್ಸಿಬಲ್‌ನಂಥ ವ್ಯವಸ್ಥೆಗಳು ಬಂದಿವೆ. ಆದರೂ ಮಧ್ಯರಾತ್ರಿ ಆನ್‌ಕಾಲ್ ಫೋನು ಬಡಿದುಕೊಂಡಾಗ ಎಂಜಿನಿಯರು ಮೊದಲು ಮಾಡುವ ಕೆಲಸ ಬದಲಾಗಿಲ್ಲ: ಕಪ್ಪು ಪರದೆಯೊಂದನ್ನು ತೆರೆದು, ಸರ್ವರಿಗೆ ಲಾಗಿನ್ ಆಗಿ, ಐವತ್ತು ವರ್ಷ ಹಳೆಯ ಎರಡಕ್ಷರದ ಕಮಾಂಡು ಕೊಡುವುದು. ಈ ಪುಟ್ಟ ಸಾಧನಗಳು ಇಷ್ಟು ದೀರ್ಘಕಾಲ ಏಕೆ ಉಳಿದವು, ಯಾವುವು ಹೋದವು, ಈಗ ಯಾವುದಕ್ಕೆ ಕುತ್ತು ಬಂದಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಂದು ಕಮಾಂಡೂ ಒಂದು ಸಣ್ಣ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಒಂದೇ ಸಂಗತಿಯ ಬಗ್ಗೆ ಎರಡು ಕಮಾಂಡುಗಳು ಬೇರೆ ಬೇರೆ ಉತ್ತರ ಕೊಟ್ಟಾಗ ಆ ಅಂತರವನ್ನು ಓದಬಲ್ಲವರೇ ಯಂತ್ರವನ್ನು ಅರಿತವರು. ಡ್ಯಾಶ್‌ಬೋರ್ಡುಗಳು ಮರೆಮಾಚುವುದು ಸರಿಯಾಗಿ ಇದೇ ಅಂತರವನ್ನು.

ಸಮಯದಿಂದಲೇ ಶುರು ಮಾಡೋಣ. ಕ್ಯಾಸಲ್‌ನಾಕ್‌ಗೂ ಈ ಸರ್ವರುಗಳನ್ನು ನಡೆಸುವ ಲಿನಕ್ಸ್ ಕಾರ್ಯವ್ಯವಸ್ಥೆಗೂ ಇರುವ ನಂಟು ಡೇಟಾ ಸೆಂಟರುಗಳಿಗಿಂತ ಬಹಳ ಹಳೆಯದು. ಊರಿನ ಅಂಚಿನಲ್ಲೇ ಡನ್‌ಸಿಂಕ್ ವೀಕ್ಷಣಾಲಯವಿದೆ. 1785ರಲ್ಲಿ ಸ್ಥಾಪನೆಯಾದದ್ದು, ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ದಶಕಗಳ ಕಾಲ ಅದರ ಮುಖ್ಯಸ್ಥರಾಗಿದ್ದರು. 1880ರ ಕಾನೂನಿನ ಪ್ರಕಾರ ಇಡೀ ಐರ್ಲೆಂಡಿನ ಅಧಿಕೃತ ಸಮಯ ಈ ವೀಕ್ಷಣಾಲಯದ ಸಮಯವೇ ಆಗಿತ್ತು. ಅದು ಗ್ರೀನಿಚ್‌ಗಿಂತ 25 ನಿಮಿಷ 21 ಸೆಕೆಂಡು ಹಿಂದೆ. 1916ರ ಅಕ್ಟೋಬರ್ 1ರಂದು ಲಂಡನ್ನಿನ ಕಾನೂನು ಆ ಅಂತರವನ್ನು ಅಳಿಸಿ ಐರ್ಲೆಂಡನ್ನು ಗ್ರೀನಿಚ್ ಸಮಯಕ್ಕೆ ಸೇರಿಸಿತು.

ಗೋಡೆಯ ಗಡಿಯಾರದಿಂದ ಅಳಿಸಿಹೋದ ಆ ಸಮಯ ಇವತ್ತಿಗೂ ಬಹುತೇಕ ಪ್ರತಿಯೊಂದು ಲಿನಕ್ಸ್ ಯಂತ್ರದಲ್ಲಿದೆ. ನೋಡುವುದು ಸುಲಭ. ಟರ್ಮಿನಲ್ಲಿನಲ್ಲಿ ಕಾಲವಲಯವನ್ನು ಡಬ್ಲಿನ್ ಎಂದು ಕೊಟ್ಟು, ಡೇಟ್ ಕಮಾಂಡಿಗೆ ‘1900ರ ಜನವರಿ 1, ಯುಟಿಸಿ ಸೊನ್ನೆ ಗಂಟೆ’ ಎಂದು ಕೇಳಿ. ಯಂತ್ರ ಹೇಳುವ ಉತ್ತರ: 1899ರ ಡಿಸೆಂಬರ್ 31, ಭಾನುವಾರ, 23 ಗಂಟೆ 34 ನಿಮಿಷ 39 ಸೆಕೆಂಡು. ಪಕ್ಕದಲ್ಲಿ ‘ಡಿಎಂಟಿ’ ಎಂಬ ಮೂರಕ್ಷರ, ಅಂದರೆ ಡಬ್ಲಿನ್ ಸರಾಸರಿ ಸಮಯ. ಕೋಲ್ಕತ್ತ ವಲಯಕ್ಕೆ ಇದೇ ಪ್ರಶ್ನೆ ಹಾಕಿದರೆ ನಮ್ಮ ಹಿರಿಯರ ರೈಲುಗಳು ಓಡುತ್ತಿದ್ದ ಮದರಾಸು ಸಮಯ ಹೊರಬರುತ್ತದೆ: ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. ಈ ಚರಿತ್ರೆಯನ್ನೆಲ್ಲ ಹಿಡಿದಿಟ್ಟಿರುವುದು ಕಾಲವಲಯಗಳ ಒಂದು ಪಠ್ಯ ಸಂಗ್ರಹ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ ಇದನ್ನು ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. 2011ರಲ್ಲಿ ಜ್ಯೋತಿಷ್ಯ ಸಾಫ್ಟ್‌ವೇರಿನ ಕಂಪನಿಯೊಂದು ಹಕ್ಕುಸ್ವಾಮ್ಯದ ದಾವೆ ಹೂಡಿದಾಗ ಈ ಸಂಗ್ರಹ ಕೆಲದಿನ ಅಂತರ್ಜಾಲದಿಂದಲೇ ಮಾಯವಾಗಿತ್ತು. ಸಂಗ್ರಹಕ್ಕೆ ಅಂತರ್ಜಾಲದ ವಿಳಾಸ-ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆಯ ಆಶ್ರಯ ಸಿಕ್ಕಿತು, ಆಮೇಲೆ ದಾವೆಯನ್ನೂ ಹಿಂದೆ ಪಡೆಯಲಾಯಿತು. ಜಗತ್ತಿನ ಅಸಂಖ್ಯ ಫೋನು, ಕಂಪ್ಯೂಟರುಗಳು ಗಂಟೆ ಕೇಳುವುದು ಬೆರಳೆಣಿಕೆಯ ಮಂದಿ ಪ್ರೀತಿಯಿಂದ ತಿದ್ದುವ ಈ ಕಡತಗಳನ್ನು. ಇದು ನನಗೆ ಪ್ರತಿ ಬಾರಿಯೂ ಬೆರಗು ಹುಟ್ಟಿಸುವ ಸಂಗತಿ.

ಡಬ್ಲಿನ್ನಿನಲ್ಲಿ ಕುಳಿತು ಬೆಂಗಳೂರಿನವರೊಂದಿಗೆ ಕೆಲಸ ಮಾಡುವವರಿಗೆ ಇಲ್ಲೊಂದು ನಿಜವಾದ ಗುಂಡಿ ಇದೆ. ಬೇಸಿಗೆಯಲ್ಲಿ ಡಬ್ಲಿನ್ ಸರ್ವರಿನ ಡೇಟ್ ಕಮಾಂಡು ಸಮಯದ ಪಕ್ಕ ‘ಐಎಸ್‌ಟಿ’ ಎಂದು ಬರೆಯುತ್ತದೆ. ಬೆಂಗಳೂರಿನ ಸರ್ವರೂ ‘ಐಎಸ್‌ಟಿ’ ಎಂದೇ ಬರೆಯುತ್ತದೆ. ಎರಡಕ್ಕೂ ನಡುವೆ ನಾಲ್ಕೂವರೆ ಗಂಟೆ ಅಂತರ. ಎರಡು ಊರಿನ ಲಾಗುಗಳನ್ನು ಪಕ್ಕಪಕ್ಕ ಇಟ್ಟು ಯಾವ ದೋಷ ಮೊದಲು, ಯಾವುದು ಆಮೇಲೆ ಎಂದು ಹುಡುಕುವಾಗ ಇದನ್ನು ಗಮನಿಸದಿದ್ದರೆ ಕಾರಣವೇ ಪರಿಣಾಮವಾಗಿ ಕಾಣುತ್ತದೆ. ಚಳಿಗಾಲ ಬಂದರೆ ಡಬ್ಲಿನ್ ‘ಜಿಎಂಟಿ’ ಆಗುತ್ತದೆ, ಅಂತರ ಐದೂವರೆ ಗಂಟೆಗೆ ಏರುತ್ತದೆ. ಐರಿಷ್ ಕಾನೂನಿನಲ್ಲಿ ಇನ್ನೂ ಒಂದು ವಿಶೇಷವಿದೆ. 1968 ಮತ್ತು 1971ರ ಶಾಸನಗಳ ಪ್ರಕಾರ ಬೇಸಿಗೆಯದೇ ಅಲ್ಲಿ ಪ್ರಮಾಣಿತ ಸಮಯ. ಚಳಿಗಾಲದಲ್ಲಿ ಅದರಿಂದ ಒಂದು ಗಂಟೆ ಕಳೆಯುತ್ತಾರೆ. ಉಳಿದ ಯುರೋಪಿಗೆ ತಲೆಕೆಳಗಾದ ಈ ಲೆಕ್ಕವನ್ನು 2018ರಲ್ಲಿ ಕಾಲವಲಯ ಸಂಗ್ರಹ ಇದ್ದದ್ದು ಇದ್ದಂತೆ ದಾಖಲಿಸಲು ಹೊರಟಾಗ, ಬೇಸಿಗೆಗೆ ಗಂಟೆ ಕೂಡಿಸುವುದೊಂದನ್ನೇ ಕಲಿತಿದ್ದ ಕೆಲವು ಸಾಫ್ಟ್‌ವೇರುಗಳು ಮುಗ್ಗರಿಸಿದವು. ಕೊನೆಗೆ ಹಳೆಯ ಸಾಫ್ಟ್‌ವೇರುಗಳಿಗೆಂದು ಪ್ರತ್ಯೇಕ ರೂಪದ ಕಡತ ಕೊಡಬೇಕಾಯಿತು.

ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಎಂಬ ಸಾಧನಕ್ಕೂ ಇದೇ ಪೀಡೆ. ಇಂದು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿರುವ ಕ್ರಾನ್‌ನ ಮೂಲ ಪಾಲ್ ವಿಕ್ಸಿ 1987ರಲ್ಲಿ ಬರೆದದ್ದು. ಮಾರ್ಚಿನ ಕೊನೆಯ ಭಾನುವಾರ ಐರ್ಲೆಂಡಿನಲ್ಲಿ ರಾತ್ರಿ ಒಂದು ಗಂಟೆ ನೇರವಾಗಿ ಎರಡಾಗುತ್ತದೆ; ಒಂದೂವರೆ ಗಂಟೆಗೆ ಬ್ಯಾಕಪ್ ಎಂದು ಬರೆದಿಟ್ಟಿದ್ದರೆ ಆ ಒಂದೂವರೆ ಅಂದು ಬರುವುದೇ ಇಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಅದೇ ಒಂದೂವರೆ ಎರಡು ಸಲ ಬರುತ್ತದೆ. ಡೆಬಿಯನ್ ಕ್ರಾನ್ ಇದನ್ನು ಅರಿತಿದೆ: ತಪ್ಪಿಹೋದದ್ದನ್ನು ಕೂಡಲೇ ನಡೆಸುತ್ತದೆ, ಆಗಿಹೋದದ್ದನ್ನು ಮತ್ತೆ ನಡೆಸುವುದಿಲ್ಲ. ಎಲ್ಲ ಕ್ರಾನ್‌ಗಳೂ ಇಷ್ಟು ಜಾಣವಲ್ಲ. ಅನುಭವಿಗಳು ಸರ್ವರುಗಳನ್ನು ಋತುವಿನೊಂದಿಗೆ ಬದಲಾಗದ ಯುಟಿಸಿಯಲ್ಲೇ ಇಡಿ ಎಂದು ಗೋಗರೆಯುವುದು ಇದಕ್ಕೇ.

ಸಮಯದ ಕಥೆ ಮುಗಿಸುವ ಮುನ್ನ ಇನ್ನೊಂದು. 2012ರ ಜೂನ್ 30ರ ಕೊನೆಗೆ ಅಧಿಕ ಸೆಕೆಂಡೊಂದನ್ನು ಸೇರಿಸಿದಾಗ ಲಿನಕ್ಸ್ ಕರ್ನಲ್ಲಿನ ದೋಷವೊಂದು ಎಚ್ಚೆತ್ತು ಜಗತ್ತಿನಾದ್ಯಂತ ಸರ್ವರುಗಳ ಸಿಪಿಯು ಸುಮ್ಮನೆ ಸುತ್ತತೊಡಗಿತು. ರೆಡಿಟ್‌ನಂಥ ತಾಣಗಳು ಮಲಗಿದವು. ಯಂತ್ರವನ್ನು ರೀಬೂಟ್ ಮಾಡದೆಯೇ ಅದನ್ನು ನಿಲ್ಲಿಸಿದ ಉಪಾಯ ಯಾವುದು ಗೊತ್ತೇ? ಡೇಟ್ ಕಮಾಂಡು ಈಗೆಷ್ಟು ಸಮಯ ಎಂದು ಹೇಳುತ್ತದೋ ಅದೇ ಸಮಯವನ್ನು ಅದೇ ಡೇಟ್ ಕಮಾಂಡಿನಿಂದ ಮತ್ತೆ ಹೊಂದಿಸುವುದು. ಒಂದೇ ಸಾಲು. ಕರ್ನಲ್ ತನ್ನ ಲೆಕ್ಕವನ್ನು ಸರಿಪಡಿಸಿಕೊಂಡು ಶಾಂತವಾಯಿತು.

ಈ ಡೇಟ್ ಕಮಾಂಡು 1971ರ ನವೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚೀ ಬರೆದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಇದೆ. ಕ್ಯಾಟ್, ಎಲ್‌ಎಸ್, ಸಿಪಿ, ಆರ್‌ಎಂ, ಡಿಎಫ್, ಡಿಯು, ಹೂ ಎಲ್ಲವೂ ಅದರಲ್ಲಿವೆ. 1973ರಲ್ಲಿ ಡಗ್ ಮೆಕಿಲ್‌ರಾಯ್ ಅವರ ಒತ್ತಾಯದಿಂದ ಥಾಂಪ್ಸನ್ ಪೈಪ್ ಸೇರಿಸಿದರು; ಒಂದು ಕಮಾಂಡಿನ ಉತ್ತರ ಇನ್ನೊಂದಕ್ಕೆ ನೇರ ಹರಿಯುವ ದಾರಿ ಅದು. ಪಠ್ಯ ಹುಡುಕುವ ಗ್ರೆಪ್, ಪಠ್ಯ ತಿದ್ದುವ ಸೆಡ್, 1977ರಲ್ಲಿ ಆಕ್ ಆ ದಾರಿಯಲ್ಲಿ ಬಂದವು. ಯುನಿಕ್ಸ್ ಎಟಿ ಅಂಡ್ ಟಿಯ ಆಸ್ತಿಯಾಗಿತ್ತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆ ಈ ಸಾಧನಗಳನ್ನೆಲ್ಲ ಸ್ವತಂತ್ರವಾಗಿ ಮತ್ತೆ ಬರೆಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಕರ್ನಲ್ ಅದಕ್ಕೆ ಜೊತೆಯಾಯಿತು. ಭಾರತದ ಅನೇಕರು ಲಿನಕ್ಸನ್ನು ಮೊದಲು ಕಂಡದ್ದು ತೊಂಬತ್ತರ ದಶಕದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಲ್ಲಿ. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ, ಮುಂದೆ ಅದೇ ಬೆಳೆದ ‘ಫಾಸ್ ಡಾಟ್ ಇನ್’ ಕೂಡ ಅವರ ಓಡಾಟದ ಫಲವೇ. ಡಯಲ್‌ಅಪ್ ಕಾಲದಲ್ಲಿ ಇಡೀ ಕಾರ್ಯವ್ಯವಸ್ಥೆಯನ್ನು ಡೌನ್‌ಲೋಡ್ ಮಾಡುವುದು ಕನಸಿನ ಮಾತು. ಆ ಸಿಡಿಯನ್ನು ಸೈಬರ್ ಕೆಫೆಯ ಗೆಳೆಯನಿಂದ ಎರವಲು ತಂದು ಕಪ್ಪು ಪರದೆಯ ಮುಂದೆ ಕುಳಿತ ಹುಡುಗ ಹುಡುಗಿಯರಿಗೆ ಆಗ ಬೇರೆ ಪಠ್ಯಪುಸ್ತಕ ಇರಲಿಲ್ಲ. ‘ಮ್ಯಾನ್’ ಕಮಾಂಡು ತೋರಿಸುವ ಕೈಪಿಡಿ ಪುಟವೇ ಗುರು. ಅವರಲ್ಲಿ ಎಷ್ಟೋ ಮಂದಿ ಇವತ್ತು ಹೊರದೇಶದ ಸರ್ವರುಗಳಿಗೆ ರಾತ್ರಿ ಕಾವಲು.

ನಾನು ಹೇಳಿದ ಅಂತರದ ವಿಚಾರಕ್ಕೆ ಡಿಸ್ಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಡಿಎಫ್ ಕಮಾಂಡು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹೇಳುತ್ತದೆ. ಡಿಯು ಕಮಾಂಡು ಯಾವ ಫೋಲ್ಡರು ಎಷ್ಟು ಜಾಗ ಹಿಡಿದಿದೆ ಎಂದು ಕೂಡಿಸಿ ಕೊಡುತ್ತದೆ. ಎರಡೂ ಸಾಧಾರಣವಾಗಿ ಹೊಂದುತ್ತವೆ. ಒಂದು ರಾತ್ರಿ ಹೊಂದುವುದಿಲ್ಲ: ಡಿಸ್ಕ್ ಶೇ. 100 ತುಂಬಿದೆ ಎನ್ನುತ್ತದೆ ಡಿಎಫ್, ಅರ್ಧವೂ ತುಂಬಿಲ್ಲ ಎನ್ನುತ್ತದೆ ಡಿಯು. ಹೊಸಬರು ಇಲ್ಲಿ ಕಂಗಾಲಾಗಿ, ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದುಕೊಳ್ಳುತ್ತಾರೆ. ಎರಡೂ ನಿಜವನ್ನೇ ಹೇಳುತ್ತಿವೆ. ಡಿಯು ಹೆಸರುಗಳ ಹಿಂದೆ ನಡೆದು ಲೆಕ್ಕ ಹಾಕುತ್ತದೆ. ಡಿಎಫ್ ಫೈಲ್ ಸಿಸ್ಟಮ್ಮಿನ ಖಾತೆಯನ್ನೇ ಕೇಳುತ್ತದೆ. ಯಾರೋ ದೊಡ್ಡ ಲಾಗ್ ಕಡತವೊಂದನ್ನು ಆರ್‌ಎಂ ಕೊಟ್ಟು ಅಳಿಸಿದ್ದಾರೆ, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಇನ್ನೂ ಓಡುತ್ತಿದೆ. ಯುನಿಕ್ಸಿನಲ್ಲಿ ಆರ್‌ಎಂ ತೆಗೆಯುವುದು ಹೆಸರನ್ನು ಮಾತ್ರ. ಕಡತವನ್ನು ಹಿಡಿದಿರುವ ಕೊನೆಯ ಪ್ರೋಗ್ರಾಂ ಕೈಬಿಡುವ ತನಕ ಜಾಗ ವಾಪಸು ಬರುವುದಿಲ್ಲ. ಎಲ್‌ಎಸ್‌ಒಎಫ್ ಎಂಬ ಮೂರನೆಯ ಸಾಧನಕ್ಕೆ ‘ಹೆಸರಿಲ್ಲದ ತೆರೆದ ಕಡತ ಯಾವುವು’ ಎಂದು ಕೇಳಿದರೆ ಅಪರಾಧಿಯ ಪ್ರೋಸೆಸ್ ಸಂಖ್ಯೆ ಸಮೇತ ಹೊರಬರುತ್ತದೆ. ಆ ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಿದ ಕ್ಷಣ ಜಾಗ ಖಾಲಿ. ಇಷ್ಟನ್ನು ಯಾವ ಡ್ಯಾಶ್‌ಬೋರ್ಡೂ ಹೇಳುವುದಿಲ್ಲ. ಅದು ಕೆಂಪು ಬಣ್ಣ ತೋರಿಸಿ ಸುಮ್ಮನಾಗುತ್ತದೆ.

ಇದರ ತಮ್ಮನಂಥ ಇನ್ನೊಂದು ತೊಂದರೆ ಇದೆ. ಜಾಗ ಬೇಕಾದಷ್ಟಿರುತ್ತದೆ, ಆದರೂ ಹೊಸ ಕಡತ ಬರೆಯಲು ಹೋದರೆ ಜಾಗವಿಲ್ಲ ಎಂಬ ಉತ್ತರ. ಖರ್ಚಾಗಿರುವುದು ಜಾಗವಲ್ಲ, ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ಐನೋಡುಗಳು. ಲಕ್ಷಾಂತರ ಚಿಕ್ಕ ಚಿಕ್ಕ ಕಡತಗಳು ಅವನ್ನು ನುಂಗಿರುತ್ತವೆ. ಡಿಎಫ್‌ಗೆ ‘ಐ’ ಸೇರಿಸಿ ಕೇಳಿದರೆ ತಿಳಿಯುತ್ತದೆ.

ಮೆಮೊರಿಯ ವಿಷಯದಲ್ಲಿ ಇಂಥ ಗೊಂದಲವನ್ನು ಸಾಧನವೇ ತಿದ್ದಿಕೊಂಡಿತು. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡದೆ ಡಿಸ್ಕಿನ ಕಡತಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಫ್ರೀ ಕಮಾಂಡಿನ ‘ಖಾಲಿ’ ಅಂಕಣ ಯಾವಾಗಲೂ ಭಯ ಹುಟ್ಟಿಸುವಷ್ಟು ಚಿಕ್ಕದು. 2014ರ ಕರ್ನಲ್ 3.14ರಿಂದ ‘ಲಭ್ಯ’ ಎಂಬ ಬೇರೆಯೇ ಅಂದಾಜು ಸಿಗುತ್ತದೆ, ನೋಡಬೇಕಾದದ್ದು ಅದನ್ನು. ಅಪ್‌ಟೈಮ್ ಕಮಾಂಡು ತೋರಿಸುವ ಲೋಡ್ ಸರಾಸರಿಯನ್ನು ಸಿಪಿಯು ಹೊರೆ ಎಂದೇ ತಿಳಿದವರು ಇವತ್ತಿಗೂ ಬಹಳ. ಲಿನಕ್ಸಿನಲ್ಲಿ 1993ರಿಂದ ಡಿಸ್ಕಿಗಾಗಿ ಕಾಯುತ್ತ ಕುಳಿತ ಪ್ರೋಸೆಸ್‌ಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ಲೋಡ್ 40, ಸಿಪಿಯು ನಿದ್ದೆಯಲ್ಲಿ ಎಂದು ಕಂಡರೆ ಸಿಪಿಯು ತೋರಿಸುವ ಟಾಪ್ ಬಿಟ್ಟು ಡಿಸ್ಕಿನ ಓಡಾಟ ತೋರಿಸುವ ಐಒಸ್ಟ್ಯಾಟ್ ಕಡೆ ತಿರುಗಬೇಕು. 2015ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿದ್ದ ಬ್ರೆಂಡನ್ ಗ್ರೆಗ್ ಮೊದಲ ಅರವತ್ತು ಸೆಕೆಂಡಿನಲ್ಲಿ ಕೊಡಬೇಕಾದ ಹತ್ತು ಕಮಾಂಡುಗಳ ಪಟ್ಟಿಯನ್ನು ಪ್ರಕಟಿಸಿದರು. ಹೊಸದಾಗಿ ಈ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ನೆಟ್‌ವರ್ಕ್ ಸಾಧನಗಳಲ್ಲಿ ತಲೆಮಾರು ಬದಲಾಗಿದೆ. ನೆಟ್‌ವರ್ಕ್ ವಿಳಾಸ ತೋರಿಸುವ, 1983ರ ಬಿಎಸ್‌ಡಿ ಯುನಿಕ್ಸ್ ಕಾಲದ ಐಎಫ್‌ಕಾನ್ಫಿಗ್ ಅನ್ನು ಡೆಬಿಯನ್ 2017ರ ಒಂಬತ್ತನೇ ಆವೃತ್ತಿಯಿಂದ ತಾನಾಗಿ ಹಾಕುವುದಿಲ್ಲ. ಐಪಿ, ಎಸ್‌ಎಸ್ ಕಮಾಂಡುಗಳು ಆ ಜಾಗಕ್ಕೆ ಬಂದಿವೆ. ಹಿರಿಯರ ಬೆರಳು ಮಾತ್ರ ಇನ್ನೂ ಹಳೆಯದನ್ನೇ ಒತ್ತುತ್ತದೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಬರೆದ, ದೂರದ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್, 1987ರಲ್ಲಿ ವ್ಯಾನ್ ಜೇಕಬ್‌ಸನ್ ಬರೆದ, ಅಲ್ಲಿಗೆ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಮಾತ್ರ ಅಲ್ಲಾಡಿಲ್ಲ.

ಲಾಗುಗಳ ಬಗ್ಗೆ ನನಗೆ ಒಂದು ಸ್ಪಷ್ಟ ನಿಲುವು ಇದೆ. 2010ರಲ್ಲಿ ಲೆನಾರ್ಟ್ ಪೊಟೆರಿಂಗ್ ಪ್ರಕಟಿಸಿದ, ಯಂತ್ರದ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಕೆಲವೇ ವರ್ಷಗಳಲ್ಲಿ ಫೆಡೋರಾ, ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಎಲ್ಲವನ್ನೂ ಆವರಿಸಿತು. ಡೆಬಿಯನ್ ಸಮುದಾಯ ಈ ಪ್ರಶ್ನೆಯಲ್ಲಿ ಸೀಳಿ ಡೆವುವಾನ್ ಎಂಬ ಬೇರೆ ಕವಲೇ ಹುಟ್ಟಿತು. ಮುಖ್ಯ ಆಕ್ಷೇಪಗಳಲ್ಲೊಂದು, ಲಾಗುಗಳನ್ನು ಅದು ಸಾದಾ ಪಠ್ಯವಾಗಿ ಇಡದೆ ತನ್ನದೇ ದ್ವಿಮಾನ ರೂಪದಲ್ಲಿ ಇಡುತ್ತದೆ ಎಂಬುದು. ಜರ್ನಲ್‌ಸಿಟಿಎಲ್ ಕಮಾಂಡಿನ ಸೌಕರ್ಯ ನಿಜವಾದದ್ದು: ಒಂದು ಸೇವೆಯದಷ್ಟೇ, ಕಳೆದ ಬೂಟಿನದಷ್ಟೇ, ನಿನ್ನೆ ಸಂಜೆಯಿಂದ ಈಚಿನದಷ್ಟೇ ಎಂದು ಕೇಳಬಹುದು. ಆದರೆ ಯಂತ್ರ ಸತ್ತುಹೋಗಿ ಅದರ ಡಿಸ್ಕನ್ನು ಬೇರೆಡೆ ಹಚ್ಚಿ ನೋಡುವ ದಿನ, ಪಠ್ಯ ಕಡತವಿದ್ದರೆ ಕೈಯಲ್ಲಿರುವ ಯಾವ ಸಾಧನದಿಂದಲೂ ಓದಬಹುದು. ಅರ್ಧ ಕೆಟ್ಟ ಕಡತದಲ್ಲೂ ಗ್ರೆಪ್‌ಗೆ ಏನಾದರೂ ಸಿಗುತ್ತದೆ. ಆದ್ದರಿಂದ ಎರಡನ್ನೂ ಇಡಿ ಎನ್ನುವ ಗುಂಪಿಗೆ ನಾನು ಸೇರಿದವನು.

ಅಂಥ ದಿನ ಬಂದೇ ಬರುತ್ತದೆ ಎಂಬುದಕ್ಕೆ ಡಬ್ಲಿನ್ನೇ ಸಾಕ್ಷಿ. 2011ರ ಆಗಸ್ಟ್ 7ರಂದು ವಿದ್ಯುತ್ ಪೂರೈಕೆಯ ಟ್ರಾನ್ಸ್‌ಫಾರ್ಮರ್ ಒಂದು ಕೆಟ್ಟು ಅಮೆಜಾನಿನ ಐರ್ಲೆಂಡ್ ವಲಯದ ದೊಡ್ಡ ಭಾಗ ಕತ್ತಲಾಯಿತು. ಬದಲಿ ಜನರೇಟರುಗಳನ್ನು ಹೊಂದಿಸಬೇಕಿದ್ದ ನಿಯಂತ್ರಕವೂ ಕೈಕೊಟ್ಟಿತು. ಬಾಡಿಗೆ ಡಿಸ್ಕುಗಳನ್ನೆಲ್ಲ ಮತ್ತೆ ಒದಗಿಸಲು ದಿನಗಳೇ ಹಿಡಿದವು. ಎಲ್ಲವೂ ಮೋಡದಲ್ಲಿದೆ ಎಂದುಕೊಂಡಿದ್ದ ಗ್ರಾಹಕರ ಕೈಗೆ ಬಂದದ್ದು ಅರ್ಧ ಬರೆದು ನಿಂತಿದ್ದಿರಬಹುದಾದ ಡಿಸ್ಕುಗಳು. ಅವನ್ನು ಹಚ್ಚುವ ಮೌಂಟ್, ಫೈಲ್ ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ, ಕರ್ನಲ್ ಏನು ಗೊಣಗುತ್ತಿದೆ ಎಂದು ಓದುವ ಡಿಮೆಸೆಜ್ ಗೊತ್ತಿದ್ದವರಿಗೆ ಅಲ್ಲಿಂದ ಮುಂದಿನ ದಾರಿ ಕಾಣುತ್ತಿತ್ತು. ಯಂತ್ರದ ಒಳಗಿನ ಹೊಣೆ ಬಾಡಿಗೆದಾರರದು ಎಂಬುದು ಈಗಲೂ ಹಾಗೆಯೇ ಇದೆ.

ಡಬ್ಲಿನ್ನಿಗೆ ಒಂದು ಸ್ವಂತ ಹೆಮ್ಮೆಯೂ ಇದೆ. ಐರ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲ ಎಚ್‌ಇಎ-ನೆಟ್ ಈ ಶತಮಾನದ ಮೊದಲ ದಶಕದಲ್ಲಿ ಮುಕ್ತ ತಂತ್ರಾಂಶಗಳ ಬಹು ದೊಡ್ಡ ಮಿರರ್ ನಡೆಸುತ್ತಿತ್ತು. ಡೆಬಿಯನ್, ಅಪಾಚೆ, ಸೋರ್ಸ್‌ಫೋರ್ಜ್ ಎಲ್ಲದರ ಪ್ರತಿ ಅಲ್ಲಿತ್ತು. ಅಲ್ಲಿ ಎಂಜಿನಿಯರ್ ಆಗಿದ್ದ ಕೊಲಮ್ ಮಕಾರ್ಥಿ 2005ರಲ್ಲಿ ಅಪಾಚೆ ಸಮ್ಮೇಳನಕ್ಕೆ ಕೊಟ್ಟ ಪ್ರಬಂಧದ ವಿಷಯ, ಏಕಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಡೌನ್‌ಲೋಡುಗಳಿಗೆ ಅಪಾಚೆಯನ್ನು ಹಿಗ್ಗಿಸುವುದು. ಅಂದಿನ ಯಂತ್ರಗಳ ಶಕ್ತಿಯನ್ನು ನೆನೆದರೆ ಅದು ಸಾಹಸವೇ ಸರಿ. ಮಿರರುಗಳ ಜೀವನಾಡಿ ಆರ್‌ಸಿಂಕ್. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು ತಂದರು. ಎರಡೂ ತುದಿಯ ಕಡತವನ್ನು ತುಂಡುಗಳಾಗಿ ಹೋಲಿಸಿ, ಬದಲಾದ ತುಂಡನ್ನಷ್ಟೇ ಸಾಗಿಸುತ್ತದೆ. ನಿಧಾನದ ಮೋಡೆಮ್ ಕಾಲಕ್ಕೆ ಹುಟ್ಟಿದ ಈ ಜಾಣತನ ಇಂದಿಗೂ ಬ್ಯಾಕಪ್ಪುಗಳ ಬೆನ್ನೆಲುಬು.

ಮಿರರಿನಿಂದ ಬಂದ ತಂತ್ರಾಂಶದ ಪ್ಯಾಕೇಜನ್ನು ನಂಬುವುದು ಹೇಗೆ? ಈ ಪ್ರಶ್ನೆ 2024ರ ಮಾರ್ಚ್ 29ರಂದು ಇಡೀ ಲಿನಕ್ಸ್ ಲೋಕವನ್ನು ಅಲುಗಿಸಿತು. ಹಿನ್ನೆಲೆ ಇಷ್ಟು. ಎಸ್‌ಎಸ್‌ಎಚ್ ಎಂಬುದು ದೂರದ ಯಂತ್ರಕ್ಕೆ ಗೂಢಲಿಪಿಯ ಮೂಲಕ ಲಾಗಿನ್ ಆಗುವ ಸಾಧನ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದುಕೇಳಿದ ಮೇಲೆ ತಾತು ಯುಲೋನೆನ್ ಅದನ್ನು ಬರೆದರು. ಇವತ್ತು ಬಹುತೇಕ ಎಲ್ಲೆಡೆ ಇರುವುದು 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಹೊರತಂದ ಓಪನ್‌ಎಸ್‌ಎಸ್‌ಎಚ್. ಲಕ್ಷಾಂತರ ಸರ್ವರುಗಳ ತಲೆಬಾಗಿಲೇ ಅದು. ಡೆಬಿಯನ್, ಫೆಡೋರಾಗಳಲ್ಲಿ ಅದನ್ನು ಸಿಸ್ಟಮ್‌ಡಿ ಜೊತೆ ಮಾತಾಡಿಸಲು ಒಂದು ತೇಪೆ ಹಾಕಿದ್ದರು. ಆ ತೇಪೆಯ ದೆಸೆಯಿಂದ ಎಕ್ಸ್‌ಝಡ್ ಎಂಬ ಸಂಕೋಚಕದ ಲೈಬ್ರರಿಯೂ ಒಳಕ್ಕೆ ಬರುತ್ತಿತ್ತು. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಫಿನ್ಲೆಂಡಿನ ಲಾಸೆ ಕೊಲಿನ್. ಸಂಬಳವಿಲ್ಲ, ಆರೋಗ್ಯ ಸರಿಯಿಲ್ಲ, ಮೇಲಿಂದ ‘ಏಕೆ ತಡ’ ಎಂದು ಚುಚ್ಚುವ ಅಪರಿಚಿತರ ಪತ್ರಗಳು. 2021ರಿಂದ ‘ಜಿಯಾ ಟ್ಯಾನ್’ ಎಂಬ ಹೆಸರಿನವರೊಬ್ಬರು ವಿನಯದಿಂದ ನೆರವಾಗುತ್ತ ಬಂದರು, ಮೆಲ್ಲಗೆ ಸಹ-ನಿರ್ವಾಹಕರಾದರು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅವರು ಹೂತಿಟ್ಟದ್ದು ಎಸ್‌ಎಸ್‌ಎಚ್‌ನ ಹಿಂಬಾಗಿಲು. ಅದನ್ನು ಹಿಡಿದದ್ದು ಯಾವ ಭದ್ರತಾ ಉತ್ಪನ್ನವೂ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ತಮ್ಮ ಪರೀಕ್ಷಾ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿದರು. ಪರ್ಫ್‌ನಂಥ ಸಾಧನಗಳಿಂದ ಆ ಅರ್ಧ ಸೆಕೆಂಡು ಎಲ್ಲಿ ಹೋಗುತ್ತಿದೆ ಎಂದು ಬೆನ್ನತ್ತಿ ಹೋಗಿ ಇಡೀ ಸಂಚನ್ನು ಬಯಲಿಗೆ ತಂದರು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ವಿಷ ಇನ್ನೂ ಇಳಿದಿರಲಿಲ್ಲ.

ಈ ಪ್ರಸಂಗದಿಂದ ಮುಕ್ತ ತಂತ್ರಾಂಶವೇ ಅಪಾಯ ಎಂದು ತೀರ್ಮಾನಿಸಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂಲ ಸಂಕೇತ ಎದುರಿಗಿದ್ದುದರಿಂದಲೇ ಹೊರಗಿನ ಒಬ್ಬರು ಅದನ್ನು ಹಿಡಿಯಲು ಸಾಧ್ಯವಾಯಿತು. ಆದರೆ ಡಬ್ಲಿನ್ 15ರಲ್ಲಿ ಕಟ್ಟಡದ ಮೇಲೆ ಕಟ್ಟಡ ಎಬ್ಬಿಸುವ ಕಂಪನಿಗಳ ಸರ್ವರುಗಳು ಇಂಥ ಒಂಟಿ ನಿರ್ವಾಹಕರ ಬಿಡುವಿನ ವೇಳೆಯ ಮೇಲೆ ನಿಂತಿರುವುದು ನ್ಯಾಯವಲ್ಲ. ಸೂಡು ಸಾಧನವನ್ನೇ ನೋಡಿ. ಸಾಮಾನ್ಯ ಬಳಕೆದಾರನಿಗೆ ಆಡಳಿತಾಧಿಕಾರ ಕೊಡುವ ಇದರ ಹುಟ್ಟು 1980ರ ಸುಮಾರಿಗೆ. ದಶಕಗಳಿಂದ ಹೊತ್ತುಕೊಂಡವರು ಟಾಡ್ ಮಿಲ್ಲರ್. 2011ರಲ್ಲಿ ಅದರೊಳಗೆ ಸೇರಿದ್ದ ದೋಷವೊಂದು, ಯಾವ ಬಳಕೆದಾರನೂ ರೂಟ್ ಆಗಬಹುದಾದಂಥದ್ದು, ಪತ್ತೆಯಾದದ್ದು 2021ರ ಜನವರಿಯಲ್ಲಿ. ಸುಮಾರು ಹತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಭಾಷೆ ಈ ಕರಿಪರದೆಯಲ್ಲಿ ಹೇಗಿದೆ ಎಂಬುದನ್ನೂ ನೋಡದೆ ಹೋಗಲಾರೆ. ‘ಕನ್ನಡ’ ಎಂಬ ಪದವನ್ನು ಪ್ರಿಂಟ್‌ಎಫ್ ಮೂಲಕ ಎಣಿಕೆಯ ಡಬ್ಲ್ಯುಸಿ ಕಮಾಂಡಿಗೆ ಹರಿಸಿ. ಬೈಟುಗಳು ಎಷ್ಟು ಎಂದರೆ 15 ಎನ್ನುತ್ತದೆ. ಅಕ್ಷರಗಳು ಎಷ್ಟು ಎಂದರೆ 5 ಎನ್ನುತ್ತದೆ: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಮೊದಲನೇ ತರಗತಿಯ ಮಗು ಮೂರು ಎನ್ನುತ್ತದೆ. ಯಂತ್ರದ ಎರಡು ಪದರಗಳೂ ಮನುಷ್ಯರ ಕಣ್ಣೂ ಒಂದೇ ಪದಕ್ಕೆ ಕೊಡುವ ಮೂರು ನಿಜವಾದ ಲೆಕ್ಕಗಳು ಇವು. ಪೆಟ್ಟು ಬೀಳುವುದು ಯಾವ ಸಾಧನ ಯಾವ ಲೆಕ್ಕ ಹಿಡಿಯುತ್ತದೆ ಎಂದು ತಿಳಿಯದಾಗ. ಸಾಲನ್ನು ತಿರುಗಿಸುವ ರೆವ್ ಕಮಾಂಡಿಗೆ ಕನ್ನಡ ಕೊಟ್ಟರೆ ಗುಣಿತದ ಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಬೇರೆಯದಕ್ಕೆ ಅಂಟುತ್ತವೆ. ಬೈಟು ಲೆಕ್ಕದಲ್ಲಿ ಕಟ್ ಮಾಡಿದರೆ ಅಕ್ಷರ ನಡುವೆಯೇ ಮುರಿದು ಪ್ರಶ್ನಾರ್ಥಕ ಚೌಕ ಕಾಣುತ್ತದೆ. ಬಹುತೇಕ ಟರ್ಮಿನಲ್ಲುಗಳು ಪ್ರತಿ ಅಕ್ಷರಕ್ಕೂ ಸಮ ಅಗಲದ ಚೌಕ ಹಂಚುವುದರಿಂದ ನಮ್ಮ ಒತ್ತಕ್ಷರಗಳು ಇಂದಿಗೂ ಚೆದರಿ ಬೀಳುತ್ತವೆ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ; ಲಿನಕ್ಸಿನಲ್ಲಿ ಕನ್ನಡದ ಸ್ಥಳೀಯತೆಯ ಕಡತವೂ ಇದೆ. ಇಷ್ಟಿದ್ದೂ ಟರ್ಮಿನಲ್ಲಿನಲ್ಲಿ ಕನ್ನಡ ಸರಿಯಾಗಿ ಕಾಣದಿರುವುದು ನನಗೆ ನೋವಿನ ಸಂಗತಿ. ಡಬ್ಲಿನ್ನಿನಲ್ಲೂ ಬೆಂಗಳೂರಿನಲ್ಲೂ ದಿನವಿಡೀ ಟರ್ಮಿನಲ್ಲಿನ ಮುಂದೆ ಕೂರುವ ಸಾವಿರಾರು ಕನ್ನಡಿಗ ಎಂಜಿನಿಯರುಗಳ ಕೈಯಲ್ಲಿ ಇದರ ಪರಿಹಾರ ಇದೆ. ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಬೇಕಾಗಿರುವುದು ಕೆಲವು ವಾರಾಂತ್ಯಗಳು.

ಇನ್ನು ಈ ಸಾಧನಗಳ ಮುಂದಿನ ಪೀಳಿಗೆ. ಸಿ ಭಾಷೆಯ ಮೆಮೊರಿ ದೋಷಗಳಿಂದ ಪಾರಾಗಲು ಹಳೆಯ ಕಮಾಂಡುಗಳನ್ನು ರಸ್ಟ್ ಭಾಷೆಯಲ್ಲಿ ಮತ್ತೆ ಬರೆಯುವ ಕೆಲಸ ವರ್ಷಗಳಿಂದ ನಡೆದಿದೆ. 2025ರ ಅಕ್ಟೋಬರಿನ ಉಬುಂಟು 25.10 ಧೈರ್ಯ ಮಾಡಿ ಸೂಡುವನ್ನೂ ಮೂಲ ಕಮಾಂಡುಗಳ ಗುಂಪನ್ನೂ ರಸ್ಟ್ ರೂಪಕ್ಕೆ ಬದಲಾಯಿಸಿತು. ಹೊಸ ಕಮಾಂಡುಗಳನ್ನು ಗ್ನೂ ಯೋಜನೆಯದೇ ಪರೀಕ್ಷೆಗಳಿಂದ ಅಳೆದಿದ್ದರು. ಆದರೂ ಎಡವಿದ್ದು ಎಲ್ಲಿ ನೋಡಿ: ಡೇಟ್ ಕಮಾಂಡಿನಲ್ಲಿ. ಕಡತವೊಂದು ಕೊನೆಯ ಬಾರಿ ಯಾವಾಗ ಬದಲಾಯಿತು ಎಂದು ಅದಕ್ಕೆ ‘ಆರ್’ ಸೇರಿಸಿ ಕೇಳಬಹುದು. ಹೊಸ ಡೇಟ್ ಆ ‘ಆರ್’ ಅನ್ನು ಒಪ್ಪಿಕೊಂಡು, ಕಡತದ ಸಮಯದ ಬದಲು ಈಗಿನ ಸಮಯವನ್ನೇ ಹೇಳುತ್ತಿತ್ತು. ದೋಷ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಭದ್ರತಾ ಅಪ್‌ಡೇಟುಗಳನ್ನು ತಾನಾಗಿ ಹುಡುಕುವ ವ್ಯವಸ್ಥೆ ಅದೇ ಉತ್ತರವನ್ನು ನಂಬಿ, ಈಗಷ್ಟೇ ನೋಡಿದ್ದಾಗಿದೆ ಎಂದುಕೊಂಡು ಸುಮ್ಮನಾಯಿತು. ಕೈಯಿಂದ ಆಪ್ಟ್ ಕಮಾಂಡು ಕೊಟ್ಟವರಿಗೆ ಅಪ್‌ಡೇಟ್ ಸಿಗುತ್ತಿತ್ತು, ತಾನಾಗಿ ಬರಬೇಕಾದದ್ದು ಬರುತ್ತಿರಲಿಲ್ಲ. ಅದೇ ತಿಂಗಳು ತಿದ್ದುಪಡಿ ಬಂತು. 25.10 ಒಂಬತ್ತು ತಿಂಗಳ ಬೆಂಬಲದ ಮಧ್ಯಂತರ ಆವೃತ್ತಿ. ಐದು ವರ್ಷ ಅಲುಗದೆ ಓಡಲೆಂದು ಡೇಟಾ ಸೆಂಟರಿನಲ್ಲಿ ಕೂರಿಸುವ ದೀರ್ಘಾವಧಿ ಆವೃತ್ತಿಗಳಿಗೆ ಆ ಡೇಟ್ ತಲುಪುವ ಮೊದಲೇ ಸರಿಯಾಯಿತು.